ಕಾಲಿಗೆ ಮೊರ ಕಟ್ಟಿಕೊಂಡು

ನಮ್ಮ ಸಾಸಲಿನಲ್ಲಿ ಮಂಜು ಎಂದರೆ ಮಾಗಿಯ ಬೆಳಗಿನಲ್ಲಿ ಹೊಲದ ಮೇಲೆ ನಿಲ್ಲುವ ಬಿಳಿ ತೆರೆ. ಬಿಸಿಲೇರಿದರೆ ಅದರ ಸುಳಿವೂ ಇರದು. ಆದರೆ ಆಕಾಶದಿಂದ ಬಿದ್ದು, ರಾಶಿಯಾಗಿ, ಮನೆಯ ಸೂರಿನವರೆಗೆ ಏರುವ ಮಂಜೂ ಒಂದುಂಟು ಮಕ್ಕಳೇ. ಫೆಬ್ರವರಿಯಲ್ಲಿ ಜಪಾನಿನಲ್ಲಿ ಅದರ ಮೇಲೆ ಎರಡು ಗಂಟೆ ಕಾಲ ನಡೆದೆ.

ಮಗಳು, ಅಳಿಯ ಟೋಕಿಯೊದಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ನಾಲ್ಕನೇ ತರಗತಿ. "ತಾತನನ್ನು ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋಗಲೇಬೇಕು" ಎಂದು ಅವಳದೇ ಹಟ. ಬೆಳಿಗ್ಗೆ ಶಿಂಕಾನ್ಸೆನ್ ರೈಲು ಹತ್ತಿದಾಗ ಟೋಕಿಯೊದಲ್ಲಿ ನಮ್ಮೂರಿನಂತೆಯೇ ಒಣ ಬಿಸಿಲು. ಸುಮಾರು ಎಂಬತ್ತು ನಿಮಿಷದಲ್ಲಿ ಎಚಿಗೊ-ಯುಜಾವಾ ನಿಲ್ದಾಣ. ಅದಕ್ಕೂ ಮುಂಚೆ 22 ಕಿಲೋಮೀಟರ್ ಉದ್ದದ ಸುರಂಗವೊಂದು ಬರುತ್ತದೆ. ಒಳಗೆ ಹೋಗುವಾಗ ನೀಲಿ ಆಕಾಶ. ಹೊರಗೆ ಬಂದರೆ ಮರ, ಮನೆ, ಗದ್ದೆ ಎಲ್ಲವೂ ಬಿಳಿ.

ಇದೇನು ಮಾಯ ಎಂದು ಕೇಳಬೇಡಿ, ನಮ್ಮ ರಾಜ್ಯದಲ್ಲೂ ಇದೇ ಲೆಕ್ಕ ನಡೆಯುತ್ತದೆ. ಅರಬ್ಬೀ ಸಮುದ್ರದ ಮೋಡ ಪಶ್ಚಿಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಘಟ್ಟ ದಾಟಿ ನಮ್ಮ ದೊಡ್ಡಬಳ್ಳಾಪುರದ ಕಡೆಗೆ ಬರುವುದು ಅದರ ಹತ್ತರಲ್ಲೊಂದು ಪಾಲು. ಅಲ್ಲಿ ಚಳಿಗಾಲದಲ್ಲಿ ಸೈಬೀರಿಯಾದ ಕೊರೆಯುವ ಒಣಗಾಳಿ ಜಪಾನ್ ಸಮುದ್ರದ ಮೇಲೆ ಹಾಯ್ದು ಬರುತ್ತದೆ. ಸಮುದ್ರದ ನೀರು ಆ ಗಾಳಿಗಿಂತ ಬೆಚ್ಚಗಿರುವುದರಿಂದ ಗಾಳಿ ತೇವ ಹೀರಿ, ಬೆಟ್ಟಕ್ಕೆ ತಗುಲಿ, ಹೊತ್ತದ್ದನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. ಬೆಟ್ಟದ ಆಚೆಗಿರುವ ಟೋಕಿಯೊಗೆ ಬರೀ ಬಿಸಿಲು. ಟೋಕಿಯೊ ಸಾಸಲಿನ ಸಾಲಿನದು, ಯುಜಾವಾ ಆಗುಂಬೆಯ ಸಾಲಿನದು ಎಂದುಕೊಳ್ಳಿ.

ಹೊಸ ಹಿಮದಲ್ಲಿ ಮುಕ್ಕಾಲುಮೂರು ಪಾಲು ಗಾಳಿಯೇ. ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಒಂದು ಸೆಂಟಿಮೀಟರ್ ನೀರು ಸಿಕ್ಕೀತು. ಬರೀ ಬೂಟಿನಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಕೆರೆಯ ಹೂಳಿಗೆ ಇಳಿದ ಹಾಗೆ. ಅದಕ್ಕೇ ಬೂಟಿನ ಕೆಳಗೆ ಮೊರದಷ್ಟು ಅಗಲದ ಹಿಮಪಾದುಕೆ ಕಟ್ಟಿಕೊಳ್ಳಬೇಕು. ಲೆಕ್ಕ ಮಾಡಿ ನೋಡೋಣ. ಬಟ್ಟೆ, ಚೀಲ ಎಲ್ಲ ಸೇರಿ ನಾನು 70 ಕಿಲೋ. ನನ್ನ ಬೂಟಿನ ತಳ ಸುಮಾರು 250 ಚದರ ಸೆಂಟಿಮೀಟರ್. ಒಂದು ಕಾಲೆತ್ತಿದಾಗ ಇನ್ನೊಂದರ ಕೆಳಗಿನ ಪ್ರತಿ ಚದರ ಸೆಂಟಿಮೀಟರಿಗೆ 280 ಗ್ರಾಂ ಭಾರ. 60 ಸೆಂಟಿಮೀಟರ್ ಉದ್ದ, 20 ಅಗಲದ ಪಾದುಕೆಯಾದರೆ 58 ಗ್ರಾಂ ಮಾತ್ರ. ಸಾಲ ಅಷ್ಟೇ, ಕಂತು ಹೆಚ್ಚು! ಬ್ಯಾಂಕಿನಲ್ಲಿ ಕೂತವನಿಗೆ ಇದು ತಕ್ಷಣ ಅರ್ಥವಾಯಿತು.

ನಮ್ಮ ಜೊತೆಗಿದ್ದ ಮಾರ್ಗದರ್ಶಿ ಐವತ್ತು ದಾಟಿದವರು. ಅವರು ಹೇಳಿದ್ದನ್ನು ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು, ಇಲ್ಲದಿದ್ದರೆ ಒಂದು ಪಾದುಕೆಯನ್ನು ಇನ್ನೊಂದು ತುಳಿಯುತ್ತದೆ. ಹಿಂದಕ್ಕೆ ಹೆಜ್ಜೆ ಹಾಕಬಾರದು, ಬಾಲ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ತಿರುಗಬೇಕಾದರೆ ಎತ್ತಿನ ಗಾಡಿಯಂತೆ ಸುತ್ತು ಹೊಡೆಯಬೇಕು. ಹಿಮ್ಮಡಿ ಕಟ್ಟಿರುವುದಿಲ್ಲ, ಏಳುತ್ತ ಇಳಿಯುತ್ತ ಇರುತ್ತದೆ. ಏರಿನಲ್ಲಿ ಜಾರದಂತೆ ಅಡಿಯಲ್ಲಿ ಕಬ್ಬಿಣದ ಹಲ್ಲುಗಳಿವೆ. ಹತ್ತಿ ಬನಿಯನ್ ಬೇಡವೇ ಬೇಡ ಎಂದು ಅಳಿಯ ಮೊದಲೇ ಹೇಳಿದ್ದ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಉಣ್ಣೆ ಹಾಗಲ್ಲ.

ಎಲೆಯುದುರಿದ ಬೀಚ್ ಮರಗಳ ನಡುವೆ ಮೊಮ್ಮಗಳು ಮುಂದೆ, ನಾನು ಹಿಂದೆ. ಎಂಥ ನಿಶ್ಶಬ್ದ ಅಂತೀರಿ! ನಮ್ಮ ಪಾದುಕೆಯ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ಒಂದೆಡೆ ಅವಳು ಕುಕ್ಕರುಗಾಲಿನಲ್ಲಿ ಕೂತು "ತಾತಾ, ಮೊಲ!" ಎಂದಳು. ಮೊಲವಿರಲಿಲ್ಲ, ಹೆಜ್ಜೆ ಇತ್ತು. ಎರಡು ದೊಡ್ಡ ಗುರುತು ಪಕ್ಕಪಕ್ಕ, ಅದರ ಹಿಂದೆ ಎರಡು ಚಿಕ್ಕವು ಒಂದರ ಹಿಂದೊಂದು. ದೊಡ್ಡವು ಹಿಂಗಾಲು, ಮೊಲ ನೆಗೆದಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ಗುರುತು ನೋಡಿ ಅದು ಹೋದ ದಿಕ್ಕನ್ನು ಅವಳೇ ನನಗೆ ಕಲಿಸಿದಳು.

ಊಟಕ್ಕೆ ಮಗಳು ಚಿತ್ರಾನ್ನ ಕಟ್ಟಿದ್ದಳು. ಅದು ಆ ಚಳಿಗೆ ಕಡಲೆಬೀಜ ಯಾವುದು, ಅನ್ನದ ಅಗುಳು ಯಾವುದು ತಿಳಿಯದಷ್ಟು ಗಟ್ಟಿಯಾಗಿತ್ತು. ಫ್ಲಾಸ್ಕಿನಲ್ಲಿದ್ದ ಹುರುಳಿ ಸಾರು ಮಾನ ಉಳಿಸಿತು. ಮಾರ್ಗದರ್ಶಿಯವರೂ ಎರಡು ಲೋಟ ಕುಡಿದರು.

ಅಲ್ಲಿಂದ ಇಪ್ಪತ್ತು ನಿಮಿಷ ಏರಿದರೆ ಒಂದು ದಿಣ್ಣೆ, ಅಲ್ಲಿ ನಿಂತರೆ ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ. ತಾತನಿಗೆ ಅದನ್ನು ತೋರಿಸಬೇಕೆಂದೇ ಮೊಮ್ಮಗಳು ವಾರದಿಂದ ದಿನ ಎಣಿಸಿದ್ದಳು. ಅಷ್ಟರಲ್ಲಿ ಗಾಳಿ ಎದ್ದಿತು. ಮಾರ್ಗದರ್ಶಿ ಮೇಲೆ ನೋಡಿದರು, ಗಡಿಯಾರ ನೋಡಿದರು, ಹಿಂತಿರುಗೋಣ ಎಂದರು. ಮೇಲಿನ ಇಳಿಜಾರಿನಲ್ಲಿ ಗಾಳಿ ಹಿಮ ಗುಡ್ಡೆ ಹಾಕುತ್ತಿದ್ದರೆ ಅದು ಜರಿದು ಬರಬಹುದಂತೆ. "ಬರೀ ಇಪ್ಪತ್ತು ನಿಮಿಷ" ಎಂದು ಹುಡುಗಿ ಅತ್ತಳು. ನನ್ನ ವಿಮಾನ ಎರಡು ದಿನದಲ್ಲಿತ್ತು. ಈ ವಯಸ್ಸಿನಲ್ಲಿ ಮತ್ತೆ ಅಲ್ಲಿಗೆ ಹೋಗುವುದು ಅನುಮಾನ, ಅದು ಅವಳಿಗೂ ಗೊತ್ತು. ಆದರೂ ಆ ಮನುಷ್ಯರ ಮಾತು ನನಗೆ ಹಿಡಿಸಿತು. ಹಣ ಕೊಟ್ಟು ಬಂದವರೆಂದು ಮುಲಾಜು ನೋಡಲಿಲ್ಲ. ಅವಳ ಕೈ ಹಿಡಿದು ಇಳಿದೆ. ಅರ್ಧ ಗಂಟೆಯಲ್ಲಿ ಹತ್ತು ಮಾರು ಆಚೆಯ ಮರ ಕಾಣದಾಯಿತು.

ಬೇಗ ಇಳಿದದ್ದರಿಂದ ಪಕ್ಕದ ಶಿಯೊಜಾವಾ ಊರಿಗೆ ಹೋದೆವು. ಹಿಮದ ಮೇಲೆ ಬಟ್ಟೆ ಹರಡಿ ಬಿಳುಪು ಮಾಡುವ ನೇಕಾರರ ಸೀಮೆ ಅದು. ನಮ್ಮ ದೊಡ್ಡಬಳ್ಳಾಪುರದ ಮಗ್ಗದವರಿಗೆ ಹೇಳಿದರೆ ನಂಬುತ್ತಾರೋ ಇಲ್ಲವೋ! ಆ ನೂಲಿನ ಬಟ್ಟೆಯ ವ್ಯಾಪಾರಿ ಸುಜುಕಿ ಬೊಕುಶಿ ಎಂಬವರು (1770–1842) ಹಿಮನಾಡಿನ ಬದುಕನ್ನೆಲ್ಲ ಬರೆದಿಟ್ಟರು. ಅವರ ಹೆಸರಿನಲ್ಲಿ ಅಲ್ಲೊಂದು ಸಂಗ್ರಹಾಲಯವಿದೆ. ಮರದ ಕೊಂಬೆ ಬಗ್ಗಿಸಿ, ಹಗ್ಗ ಬಿಗಿದು ಮಾಡುವ ಹಳೆಯ ಹಿಮಪಾದುಕೆ "ಕಾಂಜಿಕಿ"ಯ ಚಿತ್ರವೂ ಅವರ ಪುಸ್ತಕದಲ್ಲಿದೆ; ನೋಡಲು ನಮ್ಮ ನೀರಿನ ಬಿಂದಿಗೆಯ ಸಿಂಬೆಯ ಅಣ್ಣನಂತೆ. ಆ ಪುಸ್ತಕ ಅಚ್ಚಾಗಲು ಸುಮಾರು ನಲವತ್ತು ವರ್ಷ ಹಿಡಿಯಿತು, ಹೊರಬಂದದ್ದು 1837ರಲ್ಲಿ.

ಅಳು ನಿಲ್ಲಿಸಿದ್ದ ಮೊಮ್ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಆಗ ಅವರಿಗೆ ಅರವತ್ತೇಳು. ನಿಮಗಿಂತ ಚಿಕ್ಕವರು ತಾತ!"