ಹಳೆಯ ಚೀಟಿ, ಹೊಸ ಮಾತ್ರೆ

ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗತೊಡಗಿದರೆ ಸರಿ, ರೋಬಸ್ಟಾ ಮುಗಿದು ಕರಿಮೆಣಸು ಇಳಿಸುವವರೆಗೂ ಕೊಡಗಿನ ತೋಟಗಳಲ್ಲಿ ಬೆನ್ನಿಗೆ ಬಿಡುವಿಲ್ಲ. ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯಬೇಕು, ತುಂಬಿದ ಚೀಲ ಹೊರಬೇಕು, ಏಣಿ ಹತ್ತಬೇಕು. ಸೊಂಟ, ಮಂಡಿ ನೋಯದಿದ್ದರೇ ಆಶ್ಚರ್ಯ. ಕುಯ್ದ ತೂಕಕ್ಕೆ ಕೂಲಿ ಎಣಿಸುವ ಕಡೆ ಒಂದು ದಿನ ಮಲಗಿದರೆ ಆ ದಿನದ ಸಂಪಾದನೆ ಹೋಯಿತೆಂದೇ ಅರ್ಥ. ಹೀಗಾಗಿ ಸಂತೆಗೆ ಬಂದವರು, ವೈದ್ಯರು ಎಂದೋ ಐದು ದಿನಕ್ಕೆಂದು ಬರೆದುಕೊಟ್ಟ ಚೀಟಿಯನ್ನೇ ಔಷಧದಂಗಡಿಯಲ್ಲಿ ಮತ್ತೆ ಮತ್ತೆ ತೋರಿಸಿ ಮಾತ್ರೆ ಒಯ್ಯುವುದುಂಟು. ಚೀಟಿ ಹರಿದುಹೋದರೆ ಖಾಲಿ ಸ್ಟ್ರಿಪ್ಪೇ ಸಾಕು. ಕೂಲಿಯವರಷ್ಟೇ ಅಲ್ಲ, ಸೈನ್ಯದಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಳ್ಳುವವರ ಹಳೆಯ ಮಂಡಿನೋವಿಗೂ ಇದೇ ದಾರಿ.

ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ಉತ್ಪತ್ತಿಯನ್ನು ತಡೆದು ನೋವು, ಊತ ತಗ್ಗಿಸುತ್ತವೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯಲು ನೆರವಾಗುವುದೂ ಅದೇ ವಸ್ತು. ಊಟವಾದ ಮೇಲೆ ನುಂಗಿದರೆ ಹುಣ್ಣಾಗದು ಎಂಬ ನಂಬಿಕೆ ಆದ್ದರಿಂದ ಪೂರ್ತಿ ನಿಜವಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡರೂ ಹೊಟ್ಟೆ ತಪ್ಪಿಸಿಕೊಳ್ಳುವುದಿಲ್ಲ, ಹಾನಿ ರಕ್ತದ ಮೂಲಕವೇ ಬರುತ್ತದೆ. ಸಂಜೆ ಮದ್ಯವೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಮಲ ಟಾರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆಯಾದರೂ ಉರಿದು ಎಚ್ಚರಿಸೀತು. ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತದೆ. ಅರ್ಧಕ್ಕೂ ಹೆಚ್ಚು ಶಕ್ತಿ ಹೋದಮೇಲೂ ರೋಗಿಗೆ ಏನೂ ತಿಳಿಯದೇ ಇರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷಿಸಿದರೆ ಮಾತ್ರ ಗೊತ್ತು. ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ದೇಶದ ರಣಹದ್ದುಗಳು ನಿರ್ನಾಮದ ಅಂಚಿಗೆ ಬಂದದ್ದು ಇದೇ ಡೈಕ್ಲೊಫೆನಾಕ್‌ನಿಂದ. ಔಷಧ ಪಡೆದಿದ್ದ ದನಗಳ ಹೆಣ ತಿಂದು ಅವು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಮನುಷ್ಯನ ಮೂತ್ರಪಿಂಡ ಅಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ರಣಹದ್ದು ಮಾತ್ರೆಯನ್ನು ವರ್ಷಗಟ್ಟಲೆ ನುಂಗಿರಲಿಲ್ಲ.

ಪ್ಯಾರಸಿಟಮಾಲ್ ಇವುಗಳಿಗಿಂತ ಸೌಮ್ಯ. ಆದರೂ ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲಿ ಅದೇ ಅಡಗಿದ್ದು, ಅರಿಯದೆ ಪ್ರಮಾಣ ಮೀರಿದರೆ ಯಕೃತ್ತಿಗೆ ಪೆಟ್ಟು.

ಟ್ರಮಡಾಲ್‌ನ ಕಥೆಯೇ ಬೇರೆ. ಅದು ಅಫೀಮಿನ ಬಳಗದ್ದು. 2018ರ ಏಪ್ರಿಲ್‌ನಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂತು. ಹೆಚ್ಚಾದರೆ ಫಿಟ್ಸ್ ಬರಬಹುದು, ಮದ್ಯದೊಡನೆ ಸೇರಿದರೆ ಉಸಿರೇ ನಿಧಾನವಾಗಬಹುದು. ಬಹುದಿನ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಿದ್ರೆಗೇಡು, ಮೈಕೈ ನೋವು. ಹಳೆಯ ನೋವೇ ಮರಳಿತೆಂದು ತಿಳಿದು ಅವರು ಮತ್ತೆ ಅದೇ ಅಂಗಡಿಗೆ ಹೋಗುತ್ತಾರೆ. ಅಂಥವರಿಗೆ ವೈದ್ಯರ ನಿಗಾದಲ್ಲಿ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿಯೇ ಬಿಡಿಸಬೇಕಾಗುತ್ತದೆ.