ಹಳೆ ಲ್ಯಾಪ್‌ಟಾಪ್ ಬದುಕಿತು, ಹಳೆ ಕಡತದ ಗತಿ ಏನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಮನೆ ಬಳಕೆದಾರರಿಗೆ ಒಂದು ವರ್ಷದ ವಿಸ್ತರಣೆಯನ್ನೇನೋ ಮೈಕ್ರೋಸಾಫ್ಟ್ ಕೊಟ್ಟಿದೆ. ಆಮೇಲೆ? ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು ಅಥವಾ ನಂತರದ್ದು. ಕೀಬೋರ್ಡ್ ಗಟ್ಟಿಯಿದೆ, ಪರದೆ ಸ್ವಚ್ಛವಿದೆ, 8 ಜಿಬಿ ರ‍್ಯಾಮ್ ಇದೆ. ಆದರೂ ಕಂಪನಿಯ ಲೆಕ್ಕದಲ್ಲಿ ಅದು ಮುದಿ.

ಗುರುಗುಂಟಾದ ಮನೆಯಲ್ಲಿ ಕೂತು ಇದನ್ನು ಹೇಳುವಾಗ, ಲಿಂಗಸುಗೂರಿಗೆ ಕಾಲೇಜಿಗೆ ಹೋಗುವ ಚಿಕ್ಕಪ್ಪನ ಮಗಳು ಕೇಳಿದಳು: "ಅಣ್ಣಾ, ಮಷೀನ್ ಚಲೋ ಐತಿ, ಮತ್ಯಾಕ ಹೊಸಾದು ತಗೋಬೇಕು?" ಅವಳು ಕೋಡಿಂಗ್ ಕಲಿಯುತ್ತಿರುವುದೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲೇ. ಹಾಗಾಗಿ ಉತ್ತರ ಹುಡುಕಲೇಬೇಕಾಯಿತು. ಲಿನಕ್ಸ್ ಮಿಂಟ್ 22 ಹಾಕಿದೆ. ಇದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ.

ಮೊದಲ ತೊಡಕು ಡೇಟಾ. ಇನ್‌ಸ್ಟಾಲ್ ಮಾಡುವ ಕಡತವೇ ಮೂರು ಜಿಬಿಗೆ ಹತ್ತಿರ. ನನ್ನ ಮೊಬೈಲ್ ಪ್ಯಾಕ್ ದಿನಕ್ಕೆ ಎರಡು ಜಿಬಿ. ಟೊರೆಂಟ್ ಹಚ್ಚಿ ಎರಡು ದಿನದಲ್ಲಿ ಇಳಿಸಿಕೊಂಡೆ. ಪೈಥಾನ್, ಗಿಟ್, ಪೋಸ್ಟ್‌ಗ್ರೆಸ್ ಮೂರೂ ಎರಡು ಸಾಲಿನ ಆಜ್ಞೆಗೆ ಬಂದವು. ಡಾಕರ್ ಮಾತ್ರ ಪ್ಯಾಕ್ ನುಂಗುತ್ತದೆ, ಕೈಬಿಟ್ಟೆ. ಹೊಸ ಕರ್ನಲ್ ಬಂದ ದಿನ ವೈಫೈ ನಾಪತ್ತೆ. ಬೂಟ್ ಆಗುವಾಗ ಹಳೇ ಕರ್ನಲ್ ಆರಿಸಿದೆ, ಬಂತು. ಇಷ್ಟು ಗೊತ್ತಿದ್ದರೆ ನಿತ್ಯದ ಕೆಲಸಕ್ಕೆ ಧಕ್ಕೆಯಿಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಹೆದರಿದ್ದೆ, ಅದೂ ಸುಳ್ಳಾಯಿತು. ನುಡಿಯಲ್ಲಿ ಬೆರಳಿಗೆ ರೂಢಿಯಾದ ಕೆಜಿಪಿ ವಿನ್ಯಾಸ ಐಬಸ್‌ನಲ್ಲೂ ಸಿಗುತ್ತದೆ. ಗುಬ್ಬಿ, ನವಿಲು ಫಾಂಟ್‌ಗಳೂ ಮುಕ್ತವಾಗಿ ಲಭ್ಯ.

ಎಡವಿದ್ದು ಬೇರೆ ಕಡೆ. ಕಚೇರಿಯೊಂದರಿಂದ ಬಂದ ಕನ್ನಡ ಕೋಷ್ಟಕವನ್ನು ನನ್ನ ಪೈಥಾನ್ ಸ್ಕ್ರಿಪ್ಟ್‌ಗೆ ಕೊಟ್ಟೆ. ಹೊರಬಂದದ್ದು ತಲೆ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ಕಾರಣ ಸರಳ. ಅದು ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಾದ ಕಡತ. ಅದರೊಳಗೆ ಕನ್ನಡವೇ ಇಲ್ಲ. ಇರುವುದು ರೋಮನ್ ಅಕ್ಷರ, ಅದಕ್ಕೆ ಫಾಂಟ್ ಕನ್ನಡದ ಮುಖವಾಡ ತೊಡಿಸುತ್ತದೆ. ಆ ಫಾಂಟ್ ಹಾಕಿದರೆ ಲಿನಕ್ಸ್‌ನಲ್ಲೂ ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಹುಡುಕಾಟಕ್ಕೆ, ಸ್ಕ್ರಿಪ್ಟ್‌ಗೆ, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಕಾಣುವುದಿಲ್ಲ. ಪರಿವರ್ತಕಗಳಿವೆ, ನಿಜ. ಕಡತದಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಹೆಸರೊಂದಿದ್ದರೆ ಬರೀ ಪಠ್ಯ ನೋಡುವ ಪರಿವರ್ತಕ ಅದನ್ನೂ ಕನ್ನಡವೆಂದೇ ತಿರುವುತ್ತದೆ. ಯಾವುದು ಯಾವ ಭಾಷೆ ಎಂಬುದು ಗೊತ್ತಿದ್ದದ್ದು ಫಾಂಟಿಗೆ ಮಾತ್ರ.

ಇದು ಲಿನಕ್ಸ್‌ನ ದೋಷವಲ್ಲ. ವಿಂಡೋಸ್‌ನಲ್ಲೂ ಈ ಕಡತ ಹೀಗೇ ಇತ್ತು, ಫಾಂಟ್ ಮುಚ್ಚಿಟ್ಟಿತ್ತು. ನುಡಿಯ ದೋಷವೂ ಅಲ್ಲ. ಅದು ಈಗ ಯೂನಿಕೋಡ್ ಕೊಡುತ್ತದೆ. ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. ಇಷ್ಟು ವರ್ಷವಾದರೂ ಬಿಡದಿರುವುದು ಅಭ್ಯಾಸ.

ಕೇರಳದ ಕಡೆ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ರೂಪಿಸಿದ ಲಿನಕ್ಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಾವೂ ಹಾಗೇ ಎಲ್ಲ ಕಂಪ್ಯೂಟರ್‌ಗೆ ಲಿನಕ್ಸ್ ಹಾಕೋಣ ಎಂಬ ಬೇಡಿಕೆ ಕೇಳೋಕೆ ಚೆಂದ. ಆದರೆ ಕಡತ ಬದಲಾಗದೆ ಯಂತ್ರವನ್ನಷ್ಟೇ ಬದಲಿಸಿದರೆ, ಮೊದಲ ವಾರವೇ ಗುಮಾಸ್ತರು "ಇದರಲ್ಲಿ ಕನ್ನಡ ಬರಲ್ಲ" ಅಂತಾರೆ, ಹಳೆಯದಕ್ಕೇ ಮರಳುತ್ತಾರೆ.

ಆದ್ದರಿಂದ ಬೇಡಿಕೆ ಇನ್ನೂ ಸಣ್ಣದಿರಲಿ: ಸಾರ್ವಜನಿಕರಿಗೆ ಕೊಡುವ ಪ್ರತಿ ಕಡತವೂ ಯೂನಿಕೋಡ್‌ನಲ್ಲೇ ಇರಬೇಕು, ಇಲ್ಲದಿದ್ದರೆ ತಿರಸ್ಕರಿಸಿ ವಾಪಸ್ ಕಳಿಸುವ ಹಕ್ಕು ನಮಗಿರಬೇಕು. ಇದಕ್ಕೆ ಹೊಸ ಕಂಪ್ಯೂಟರ್ ಬೇಡ, ಟೆಂಡರ್ ಬೇಡ.

ತಂಗಿಯ ಲ್ಯಾಪ್‌ಟಾಪ್‌ಗೂ ಮಿಂಟ್ ಬಂದಿದೆ. ಅವಳಿಗೆ ಕೋಡಿಂಗ್ ನಡೆಯುತ್ತಿದೆ. ನನ್ನ ಕೋಷ್ಟಕವನ್ನು ಮಾತ್ರ ಇನ್ನೂ ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ.