ಮರಳು ಕಾಪಾಡಿದ ಜಾತಕ

ಮನುಷ್ಯನಿಗೆ ಜಾತಕವಿರುವಂತೆ ಯುದ್ಧವಿಮಾನಕ್ಕೂ ಒಂದು ಜಾತಕವುಂಟು. ಅದು ಹುಟ್ಟಿದ ಕಾರ್ಖಾನೆ, ಸೇರಿದ ದಳ, ತಿಂದ ಪೆಟ್ಟು, ಕಂಡ ದುರಸ್ತಿ, ಕಡೆಗೆ ಕಾಣೆಯಾದ ದಿನ, ಇವೆಲ್ಲವನ್ನೂ ಯಾರೋ ಒಬ್ಬ ಗುಮಾಸ್ತ ಬರೆದಿಟ್ಟಿರುತ್ತಾನೆ. ಆದರೆ ಆ ಕಡತವನ್ನು ಬಿಚ್ಚಬೇಕಾದರೆ ವಿಮಾನದ ಹೆಸರು ಗೊತ್ತಿರಬೇಕು. ಹೆಸರೆಂದರೆ ಎರಡು ಅಕ್ಷರ, ಮೂರು ಅಂಕೆ, ಅಷ್ಟೆ.

2012ರಲ್ಲಿ, ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ಎಣ್ಣೆಯ ಕಂಪನಿಯೊಂದರ ಕೆಲಸದ ಮೇಲೆ ಹೋಗಿದ್ದ ಪೋಲೆಂಡಿನವನೊಬ್ಬನ ಕಣ್ಣಿಗೆ ಇಂಥದೊಂದು ವಿಮಾನ ಬಿದ್ದಿತು. ಜನವಸತಿಯಿಂದ ಬಹುದೂರದಲ್ಲಿ ಅದು ಹೊಟ್ಟೆಯೂರಿ ಮಲಗಿತ್ತು. ಪ್ರೊಪೆಲರ್ ಕಳಚಿ ಬಿದ್ದಿತ್ತು. ಆದರೆ ರೆಕ್ಕೆ, ಬಾಲ, ಬಂದೂಕುಗಳು ಬಹುಮಟ್ಟಿಗೆ ಇದ್ದ ಹಾಗೆಯೇ ಇದ್ದವು. ಮಳೆಯೆಂಬುದನ್ನೇ ಅರಿಯದ ನಾಡಿನಲ್ಲಿ ಲೋಹಕ್ಕೆ ಮುಪ್ಪು ಬರುವುದು ಬಹಳ ನಿಧಾನ.

ವಿಮಾನದ ಕುಲವನ್ನು ಹೇಳುವುದು ಕಷ್ಟವಾಗಲಿಲ್ಲ. ಮೂಗಿನ ಕೆಳಗಿನ ದೊಡ್ಡ ಗಾಳಿಬಾಯಿಯೂ ರೆಕ್ಕೆಗಳಲ್ಲಿದ್ದ ಆರು ಮೆಷಿನ್ ಗನ್ನುಗಳೂ ಅದನ್ನು ಸಾರುತ್ತಿದ್ದವು. ಅದು ಅಮೆರಿಕದ ಕರ್ಟಿಸ್ ಕಂಪನಿಯ ಪಿ-40. ಬ್ರಿಟಿಷರ ವಾಯುಪಡೆಯಲ್ಲಿ ಅದರ ಹೆಸರು ಕಿಟ್ಟಿಹಾಕ್. ಆದರೆ ಆ ಕುಲದಲ್ಲಿ 13 ಸಾವಿರಕ್ಕೂ ಮಿಕ್ಕಿ ವಿಮಾನಗಳು ತಯಾರಾಗಿದ್ದವು. ಅವುಗಳಲ್ಲಿ ಇದು ಯಾವುದು?

ದಳದ ಗುರುತು ‘ಎಚ್‌ಎಸ್’. ಅದು ಬ್ರಿಟಿಷ್ ವಾಯುಪಡೆಯ 260ನೆಯ ದಳದ್ದು. ಅದರ ಜೊತೆಯ ‘ಬಿ’ ಆ ವಿಮಾನಕ್ಕೆ ದಳವಿತ್ತ ಅಕ್ಷರ. ಆದರೆ ಈ ಗುರುತು ಮನೆಯಲ್ಲಿ ಕರೆಯುವ ಹೆಸರಿನಂತೆ. ಒಂದು ವಿಮಾನ ನಾಶವಾದರೆ ಅದರ ಅಕ್ಷರವನ್ನು ಮುಂದೆ ಬಂದ ಇನ್ನೊಂದಕ್ಕೆ ಕೊಡುವುದುಂಟು. ಎಂದಿಗೂ ಮತ್ತೊಂದರ ಪಾಲಾಗದ ಹೆಸರು ಕ್ರಮಸಂಖ್ಯೆ. ಈ ವಿಮಾನದ ಕ್ರಮಸಂಖ್ಯೆ ‘ಇಟಿ 574’. ಅದು ದೊರೆತೊಡನೆ ಕಡತ ಬಾಯಿಬಿಟ್ಟಿತು.

ಅದು 1942ರ ಜೂನ್ 28. ಟೊಬ್ರುಕ್ ಪತನವಾಗಿ ಒಂದು ವಾರವಾಗಿತ್ತು. ರೊಮೆಲನ ಸೇನೆ ಬೆನ್ನಟ್ಟಿ ಬರುತ್ತಿತ್ತು. ಬ್ರಿಟಿಷ್ ಸೇನೆ ಅಲಮೇನಿನತ್ತ ಹಿಂಜರಿಯುತ್ತಿತ್ತು. ಆ ಗಡಿಬಿಡಿಯಲ್ಲಿ, ಪೆಟ್ಟು ತಿಂದ ಈ ವಿಮಾನವನ್ನು ದುರಸ್ತಿಗಾಗಿ ಬೇರೊಂದು ನೆಲೆಗೆ ಒಯ್ಯುವ ಕೆಲಸ ಇಂಗ್ಲೆಂಡಿನ ಸೌತೆಂಡ್ ಊರಿನ ಫ್ಲೈಟ್ ಸಾರ್ಜೆಂಟ್ ಡೆನಿಸ್ ಕಾಪಿಂಗ್‌ನ ಪಾಲಿಗೆ ಬಂತು. ಆತನ ವಯಸ್ಸು 24. ಹೊರಟದ್ದು ಯುದ್ಧಕ್ಕಲ್ಲ, ರಿಪೇರಿಗೆ. ದಾರಿಯಲ್ಲಿ ಆತ ದಿಕ್ಕು ತಪ್ಪಿದ. ಜೊತೆಯಲ್ಲಿ ಇನ್ನೊಂದು ವಿಮಾನ ನಡೆಸುತ್ತಿದ್ದವನು ಸಂಜ್ಞೆ ಮಾಡಿ ಎಚ್ಚರಿಸಿದರೂ ಪ್ರಯೋಜನವಾಗಲಿಲ್ಲ. ಕಾಪಿಂಗ್ ಮರಳುಗಾಡಿನ ಒಳಕ್ಕೆ ಹಾರಿಹೋದ.

ಕಡತ ಇಲ್ಲಿಗೆ ಮುಗಿಯುತ್ತದೆ. ಮುಂದಿನದನ್ನು ಮರಳೇ ಹೇಳಬೇಕು. ವಿಮಾನದ ಪಕ್ಕದಲ್ಲಿ ಪ್ಯಾರಾಷೂಟಿನ ಬಟ್ಟೆ ಹರಡಿತ್ತು. ರೇಡಿಯೋವನ್ನೂ ಬ್ಯಾಟರಿಯನ್ನೂ ಹೊರಗೆ ತೆಗೆದಿಡಲಾಗಿತ್ತು. ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಳಿದಾಗ ಆತ ಬದುಕಿದ್ದ. ಬಟ್ಟೆಯನ್ನು ನೆರಳಿಗೆಂದು ಹಿಡಿದ. ಯಾರಾದರೂ ಕೇಳಿಯಾರೆಂದು ರೇಡಿಯೋಗೆ ಜೀವ ಕೊಡಲೆಳಸಿದ. ಕಡೆಗೆ ಜೂನ್ ತಿಂಗಳ ಆ ಬಿಸಿಲಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟಿರಬೇಕು.

ಹೀಗೆ, 70 ವರ್ಷಗಳ ತರುವಾಯ, ವಿಮಾನದ ಜಾತಕ ಪೂರ್ಣವಾಯಿತು. ನಡೆಸಿದವನದು ಪೂರ್ಣವಾಗಲಿಲ್ಲ. ಆತನದೆಂದು ಹೇಳುವ ಸಮಾಧಿಯೊಂದಿಲ್ಲ. ಸಮಾಧಿಯಿಲ್ಲದವರಿಗಾಗಿ ಅಲಮೇನಿನಲ್ಲಿ ಕಟ್ಟಿಸಿದ ಸ್ಮಾರಕದ ಕಲ್ಲಿನಲ್ಲಿ ಆತನ ಹೆಸರಿದೆ. ದಾರಿತಪ್ಪಿದನೆಂಬ ಮಾತಿನ ಹಿಂದೆ, ತಾಳ್ಮೆಗೆಡದೆ ಬದುಕಲು ಹೆಣಗಿದ ಒಬ್ಬ ಯುವಕನಿದ್ದನೆಂಬುದನ್ನು ಮಾತ್ರ ಆ ಬಟ್ಟೆಯ ತುಂಡು ತಿಳಿಸಿತು. ಸುದ್ದಿಯೇ ಇಲ್ಲದೆ ಮಗನನ್ನು ಕಳೆದುಕೊಂಡ ಮನೆತನಕ್ಕೆ ಇದು ಸಣ್ಣ ಸಂಗತಿಯೇನಲ್ಲ.

ಮುಂದೆ ಆ ವಿಮಾನವನ್ನು ಅಲಮೇನಿನ ಯುದ್ಧ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಅಲ್ಲಿ ನೋಡಲು ಚೆನ್ನಾಗಿರಲೆಂದು ಅದಕ್ಕೆ ಹೊಸ ಬಣ್ಣ ಬಳಿದರು, ಬಲ್ಲವರು ಮರುಗಿದರು. 70 ವರ್ಷಗಳ ಬಿಸಿಲು, ಬಿರುಗಾಳಿಗಳು ಉಳಿಸಿಕೊಟ್ಟಿದ್ದ ಹಳೆಯ ಮೈಬಣ್ಣ ಕುಂಚದ ಕೆಲವೇ ದಿನಗಳ ಕೆಲಸಕ್ಕೆ ಮರೆಯಾಯಿತು. ಹಳೆಯದನ್ನು ಹುಡುಕುವುದಕ್ಕೆ ಬೇಕಾದಷ್ಟೇ ಎಚ್ಚರ, ಸಿಕ್ಕಿದ ಮೇಲೆ ಅದನ್ನು ಇದ್ದಂತೆಯೇ ಇರಗೊಡುವುದಕ್ಕೂ ಬೇಕು.